ಅಡಿಕೆ ಮರದ ಬುಡದಲ್ಲಿ ಕೆಂಪು ಹೊಳಪಿನ ಅಣಬೆ ಎದ್ದಿದೆ. ಇದು ಔಷಧಿಗೆ ಅಂತ ಮಾರುವ ರೀಶಿ ಅಣಬೆಯಾ? ಕಿತ್ತು ಒಣಗಿಸಿ ಮಾರಬಹುದಾ?

ಮಾರೋ ವಿಚಾರ ಆಮೇಲೆ. ಮೊದಲು ಅಕ್ಕಪಕ್ಕದ ಮರಗಳ ಸೋಗೆ ನೋಡಿ. ಹೊರಸುತ್ತಿನ ಸೋಗೆ ಹಳದಿಯಾಗಿ ಕಾಂಡದ ಮೇಲೆ ಜೋತು ಬಿದ್ದಿದ್ದರೆ ಈ ಅಣಬೆ ತರುವ ರೋಗ ಅಲ್ಲೂ ಶುರುವಾಗಿದೆ ಅಂತ ಅನುಮಾನ ಪಡಿ.

ಚನ್ನಗಿರಿ ಕಡೆಯ ನಮ್ಮ ತೋಟದಲ್ಲೂ ಹೀಗೇ ಎದ್ದಿತ್ತು. ಮೊದಲು ಒಂದು ಬಿಳಿ ಗಂಟು. ಆಮೇಲೆ ಹಳದಿಗೆ ತಿರುಗಿ, ಬುಡದ ಕಡೆಯಿಂದ ಕೆಂಪುಗಂದು ಬಣ್ಣ ಹರಡುತ್ತಾ ಬಂತು. ಮೇಲೆಲ್ಲ ವಾರ್ನಿಶ್ ಹೊಡೆದಂಥ ಮೆರುಗು. ಅಂಚು ಮಾತ್ರ ಬಿಳಿ, ಅಂದ್ರೆ ಇನ್ನೂ ಬೆಳೆಯುತ್ತಿದೆ. ಮಗುಚಿ ನೋಡಿದರೆ ಸಾಮಾನ್ಯ ಅಣಬೆಯ ಪದರಗಳಿಲ್ಲ, ಕಣ್ಣಿಗೆ ಸರಿಯಾಗಿ ಸಿಗದಷ್ಟು ಸಣ್ಣ ತೂತುಗಳು. ಉಗುರಲ್ಲಿ ಗೀರಿದ ಜಾಗ ಕಂದಾಗುತ್ತಿತ್ತು. ಬಲಿತ ಮೇಲೆ ಆ ತೂತುಗಳಿಂದ ಕಂದು ಪುಡಿ ಉದುರಿ, ಬಿದ್ದ ಹಾಳೆಗಳ ಮೇಲೆ, ಅಣಬೆಯ ತಲೆಯ ಮೇಲೆ ಕೂರುತ್ತಿತ್ತು. ರಸ್ತೆ ಧೂಳು ಅಂದ್ಕೊಂಡಿದ್ದೆ. ಅದು ಬೀಜಕಣ.

ಇದು ಗ್ಯಾನೊಡರ್ಮ ಅನ್ನೋ ಶಿಲೀಂಧ್ರ. ನಮ್ಮ ಕಡೆ ಅಣಬೆ ರೋಗ ಅಂತಾರಲ್ಲ, ಅದು ಇದರಿಂದಲೇ. ತೆಂಗನ್ನೂ ಬಿಡುವುದಿಲ್ಲ. 1952ರ ಚಂಡಮಾರುತದ ನಂತರ ತಂಜಾವೂರಿನ ತೆಂಗಿನ ತೋಟಗಳಲ್ಲಿ ಜೋರಾಗಿ ಕಾಣಿಸಿಕೊಂಡು, ಆ ಊರಿನ ಹೆಸರನ್ನೇ ರೋಗಕ್ಕೆ ಅಂಟಿಸಿತು.

ನಾನು ಅಣಬೆ ಒದ್ದು ಕೆಡವಿದೆ. ಮರ ಹೇಗೂ ಸತ್ತಿತು, ನೆಲಮಟ್ಟಕ್ಕೆ ಕಡಿಸಿದೆ. ಬೊಡ್ಡೆ ಮಾತ್ರ ಹಾಗೇ ಬಿಟ್ಟೆ. ಕೀಳಿಸೋದಕ್ಕೆ ಕೂಲಿ ಜಾಸ್ತಿ, ಕೊಳೆತು ಗೊಬ್ಬರ ಆಗ್ಲಿ ಅಂತ. ನನ್ನನ್ನು ಮುಳುಗಿಸಿದ್ದು ಅದೇ. ಕಣ್ಣಿಗೆ ಕಾಣೋ ಅಣಬೆ ಬರೀ ಕಾಯಿ, ಅದು ಬರೋದೇ ಕೊನೆಗೆ. ಜೀವಿ ಇರೋದು ಬೇರಿನೊಳಗೆ, ಬೊಡ್ಡೆಯೊಳಗೆ, ಎಳೆ ಎಳೆಯಾಗಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನೇ ಕರಗಿಸಿ ತಿನ್ನುವ ಜಾತಿ ಇದು. ಜೀವ ಇರುವ ಬೇರು ಅಷ್ಟೋ ಇಷ್ಟೋ ತಡೆಯುತ್ತದೆ. ಸತ್ತ ಬೊಡ್ಡೆಗೆ ಯಾವ ತಡೆಯೂ ಇಲ್ಲ. ಅಂದ್ರೆ ಮರ ಕಡಿದು ನಾನು ರೋಗ ನಿಲ್ಲಿಸಲಿಲ್ಲ, ಅದಕ್ಕೆ ಕೂಳು ಹಾಕಿ ಸಾಕಿದೆ. ನಮ್ಮಲ್ಲಿ ಸಾಲಿನಿಂದ ಸಾಲಿಗೆ ಒಂಬತ್ತು ಅಡಿ. ನೆಲದೊಳಗೆ ಬೇರುಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅಲ್ಲಿಂದ ಪಕ್ಕದ ಮರ, ಅಲ್ಲಿಂದ ಅದರಾಚೆಯದು. ಸಾಲದ್ದಕ್ಕೆ ಅದೇ ಬೊಡ್ಡೆ ಪಕ್ಕ ಹೊಸ ಸಸಿ ಇಟ್ಟೆ! ಅದೂ ಹೋಯ್ತು. ಆಮೇಲೆ ಅಗೆಸಿದಾಗ ಹಳೇ ಬೇರುಗಳು ಕೈಯಲ್ಲಿ ಹಿಡಿದರೆ ಪಟಪಟ ಮುರಿಯುತ್ತಿದ್ದವು.

ರೀಶಿಯಾ ಅಂದ್ರೆ, ಅದರ ಬಳಗದ್ದು. ಚೀನಾದಲ್ಲಿ ಬೆಳೆಸುವ ರೀಶಿಗೆ 2012ರಲ್ಲಿ ಬೇರೆಯೇ ಜಾತಿಯ ಹೆಸರು ಕೊಟ್ಟಿದ್ದಾರೆ. ಫೋಟೋ ನೋಡಿ ಇದು ಅದೇ ಅಂತ ಹೇಳುವವರನ್ನು ನಾನಂತೂ ನಂಬೋದಿಲ್ಲ. ಮಾರೋ ಮಾಲು ದಿಮ್ಮಿ ಇಲ್ಲವೇ ಮರದ ಹೊಟ್ಟಿನ ಮೇಲೆ ಬೆಳೆಸಿದ್ದು. ಔಷಧಿ ಹೊಡೆದ ತೋಟದಲ್ಲಿ ಎದ್ದದ್ದನ್ನು ಕಷಾಯ ಮಾಡ್ಕೊಂಡು ಕುಡೀಬೇಡಿ, ಬೇರೆಯವರಿಗೂ ಕೊಡಬೇಡಿ.

ಬೇಸಿಗೆಯಲ್ಲಿ ಬೊಡ್ಡೆಯನ್ನು ಬೇರುಸಮೇತ ಕೀಳಿಸಿ ಸುಡಿ. ಇನ್ನೂ ನಿಂತಿರುವ ರೋಗದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಾಲುವೆ ತೋಡಿ, ಬೇರಿನ ಸಂಪರ್ಕ ತಪ್ಪಲಿ. ಮರದಿಂದ ಮರಕ್ಕೆ ನೀರು ಹಾಯಿಸೋದು ನಿಲ್ಲಿಸಿ, ಬಸಿಗಾಲುವೆ ಬಿಡಿಸಿ. ವರ್ಷಕ್ಕೆ ಮರಕ್ಕೆ 2 ಕೆಜಿ ಬೇವಿನ ಹಿಂಡಿ ಕೊಡಿ. ಅಣಬೆ ಕಂಡ ಮರ ಉಳಿಸ್ತೀನಿ ಅಂತ ದುಡ್ಡು ಸುರೀಬೇಡಿ, ಆ ದುಡ್ಡನ್ನು ಪಕ್ಕದ ಮರಗಳಿಗೆ ಹಾಕಿ. ಬದುವಿನಲ್ಲಿ ಹೊಂಗೆ, ಗುಲ್‌ಮೊಹರ್ ಇದ್ದರೆ ಅವುಗಳ ಬುಡವನ್ನೂ ನೋಡಿ, ಈ ಶಿಲೀಂಧ್ರ ಅಲ್ಲೂ ಮನೆ ಮಾಡುತ್ತದೆ.