ಮಗಳ ಗಿನಿಪಿಗ್ ಸತ್ತಿದೆ, ಅವಳು ಬರುವುದರೊಳಗೆ ಅಂಥದ್ದೇ ಇನ್ನೊಂದು ತಂದಿಡಲಾ?

ತರಬೇಡಿ. ಮಗಳು ಅಜ್ಜಿ ಮನೆಯಿಂದ ಭಾನುವಾರ ಬರುತ್ತಾಳೆ, ಅಷ್ಟರೊಳಗೆ ಅದೇ ಬಣ್ಣದ್ದು ಸಿಕ್ಕರೆ ಅವಳಿಗೆ ಗೊತ್ತೇ ಆಗುವುದಿಲ್ಲ ಅಂತ ಬರೆದಿದ್ದೀರಿ. ಗೊತ್ತಾಗುತ್ತೆ. ದಿನಾ ಕೈಯಲ್ಲಿ ಹಿಡಿದವರಿಗೆ ಅದರ ಬೆನ್ನಿನ ಸುಳಿ ಎಲ್ಲಿದೆ, ಯಾವ ಕಿವಿ ಮಡಚಿಕೊಂಡಿದೆ ಅಂತ ಎಲ್ಲಾ ಗೊತ್ತಿರುತ್ತೆ. ಗೊತ್ತಾದ ಮೇಲೆ ಅವಳು ಏನು ಯೋಚಿಸುತ್ತಾಳೆ ಅನ್ನುವುದೇ ನನಗೆ ಭಯ. ನಾನು ಸಾವನ್ನು ಮುಚ್ಚಿಟ್ಟಿರಲಿಲ್ಲ, ಅದು ಹೇಗಾಯಿತು ಅನ್ನುವುದನ್ನು ಮುಚ್ಚಿಟ್ಟಿದ್ದೆ. ಅದಕ್ಕೆ ನನ್ನ ತಮ್ಮ ಬೆಲೆ ಕೊಟ್ಟ.

ನಮ್ಮದು ರಾಯಚೂರು. 2019ರಲ್ಲಿ ತಮ್ಮನಿಗೆ ಹತ್ತು ವರ್ಷ, ನಾನು ಬಿ.ಕಾಂ. ಓದುತ್ತಿದ್ದೆ. ಹೈದರಾಬಾದಿನಿಂದ ಮಾವ ಅವನಿಗೆ ಒಂದು ಗಿನಿಪಿಗ್ ತಂದುಕೊಟ್ಟಿದ್ದರು. ಬೆಲ್ಲದ ಬಣ್ಣ, ಒಂದು ಕಿವಿ ಮಾತ್ರ ಬಿಳಿ. ಹೆಸರೂ ಬೆಲ್ಲ ಅಂತಲೇ ಆಯಿತು. ಫ್ರಿಜ್ ಬಾಗಿಲು ತೆಗೆದರೆ ಸಾಕು, ಕೊತ್ತಂಬರಿ ಬಂತು ಅಂತ ವೀಕ್ ವೀಕ್ ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತಿತ್ತು. ಖುಷಿಯಾದರೆ ನಿಂತಲ್ಲೇ ಪುಟಕ್ಕನೆ ಜಿಗಿಯುತ್ತಿತ್ತು. ಈ ಪ್ರಾಣಿಗೂ ನಮ್ಮ ಹಾಗೆ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳಲು ಆಗಲ್ಲ ಅಂತ ಎಲ್ಲೋ ಓದಿ, ತಮ್ಮ ದಿನಾ ಒಂದು ಚೂರು ಕ್ಯಾಪ್ಸಿಕಂ ಹೆಚ್ಚಿ ಕೊಡುತ್ತಿದ್ದ. ತನ್ನ ಹೋಮ್‌ವರ್ಕ್ ಮರೆತರೂ ಅದನ್ನು ಮರೆಯುತ್ತಿರಲಿಲ್ಲ.

ಮೇ ತಿಂಗಳಲ್ಲಿ ಮಾನ್ವಿಯಲ್ಲಿ ಒಂದು ಮದುವೆ ಇತ್ತು. ಅಪ್ಪ, ಅವ್ವ, ತಮ್ಮ ಹಿಂದಿನ ದಿನ ಸಂಜೆಯೇ ಹೋದರು. ನಾನು ಬೆಳಿಗ್ಗೆ ಬೆಲ್ಲನಿಗೆ ಹುಲ್ಲು, ನೀರು ಇಟ್ಟು ಬಸ್ ಹತ್ತಬೇಕಿತ್ತು. ಹೊರಡುವಾಗ ತಮ್ಮ ಎರಡೆರಡು ಸಲ ಹೇಳಿದ್ದ, "ಯಕ್ಕಾ, ಬೆಲ್ಲನ್ನ ಕೆಳಗ ಇಡು, ಮ್ಯಾಲೆ ಬ್ಯಾಡ." ಕೆಳಗಿನ ಕೋಣೆಗೆ ಶಹಾಬಾದಿ ಕಲ್ಲಿನ ನೆಲ, ಮಧ್ಯಾಹ್ನವೂ ಕಾಲಿಗೆ ತಣ್ಣಗೆ ಹತ್ತುತ್ತದೆ. ಆದರೆ ಅಲ್ಲಿ ಜೋಳದ ಚೀಲಗಳ ಹತ್ತಿರ ಅಪ್ಪ ಇಲಿ ಪಾಷಾಣ ಇಟ್ಟಿದ್ದರು. ನನಗೆ ಹೆದರಿಕೆಯಾಯಿತು. ಪಂಜರವನ್ನು ಮೇಲಿನ ಕೋಣೆಗೆ ಒಯ್ದೆ. ಕೂಲರ್ ಹಾಕಿದೆ. ಕರೆಂಟ್ ಹೋದರೂ ತಂಪಿರಲಿ ಅಂತ ಒಂದು ಗೋಣಿಚೀಲವನ್ನು ಚೆನ್ನಾಗಿ ತೋಯಿಸಿ, ಪಂಜರದ ನಾಲ್ಕೂ ಕಡೆ ಇಳಿಯುವ ಹಾಗೆ ಹೊದಿಸಿದೆ.

ಆ ಗೋಣಿಚೀಲದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ, ನೀರಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತುತ್ತಾರೆ. ಅದನ್ನು ನೋಡಿಯೇ ನಾನು ಬೆಳೆದದ್ದು. ಆದರೆ ಕಿಟಕಿಯ ಗೋಣಿ ತಂಪು ಕೊಡುವುದು ಗಾಳಿಯಿಂದ. ಒಣ ಗಾಳಿ ಅದರ ಮೂಲಕ ಹಾಯಬೇಕು, ನೀರು ಆರಬೇಕು, ಆರುವಾಗ ಶಾಖ ಎಳೆದುಕೊಳ್ಳಬೇಕು. ಗಾಳಿಯೇ ಆಡದ ಕೋಣೆಯಲ್ಲಿ ನಾಲ್ಕೂ ಕಡೆ ಮುಚ್ಚಿದರೆ ಒಳಗಿನ ಉಸಿರು, ಉಚ್ಚೆ, ಗೋಣಿಯ ತೇವ ಎಲ್ಲ ಅಲ್ಲೇ ನಿಂತು ಒಳಗೆ ಬೇಯಿಸಿದ ಹಾಗೆ ಆಗುತ್ತೆ. ಆಮೇಲೆ ಗೋಣಿ ಒಣಗುತ್ತೆ. ಒಣಗಿದ ಗೋಣಿ ಅಂದರೆ ಕಂಬಳಿಯೇ ಅಲ್ವಾ? ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಹೊಸದಲ್ಲ, ಕಾದ ಮಾಳಿಗೆಯ ಕೆಳಗಿನ ಕೋಣೆ ಇನ್ನೂ ಕೆಟ್ಟದ್ದು. ಗಿನಿಪಿಗ್ ಮೂಲದಲ್ಲಿ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆಯದು. 18ರಿಂದ 24 ಡಿಗ್ರಿ ಅದಕ್ಕೆ ಹಿತ. 30ರ ಹತ್ತಿರ ಬಂದರೇ ಜೀವಕ್ಕೆ ಅಪಾಯ. ಮನುಷ್ಯರ ಹಾಗೆ ಅದು ಬೆವರುವುದಿಲ್ಲ. ಏನೂ ಹೊದಿಸದೆ, ಪಾಷಾಣವನ್ನು ಕಾಗದದಲ್ಲಿ ಎತ್ತಿ ಹೊರಗೆ ಹಾಕಿ, ಕೆಳಗಿನ ಕಲ್ಲಿನ ಮೇಲೆ ಇಟ್ಟು, ಒಂದು ಬಾಟಲಿ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ ಬಟ್ಟೆ ಸುತ್ತಿ ಪಂಜರದ ಮೂಲೆಯಲ್ಲಿ ಇಟ್ಟಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮಾಡಿದ್ದೇನೋ.

ಸಂಜೆ ಐದಕ್ಕೆ ಒಬ್ಬಳೇ ಮೊದಲು ವಾಪಸ್ ಬಂದೆ. ಕೂಲರ್ ನಿಂತಿತ್ತು. ಗೋಣಿ ಕೈಗೆ ಗರಿಗರಿ ಹತ್ತಿತು. ಬೆಲ್ಲ ಉದ್ದಕ್ಕೆ ಕಾಲು ಚಾಚಿ ಮಲಗಿತ್ತು, ಗದ್ದದ ಕೆಳಗೆಲ್ಲ ಜೊಲ್ಲಿನಿಂದ ಒದ್ದೆ. ಗೆಳತಿಯ ಸ್ಕೂಟಿಯಲ್ಲಿ ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕೈಯಲ್ಲಿ ಹಿಡಿದು ನೋಡಿ, ಬಿಸಿಲಿಗೆ ಹೋಗಿದೆಯಮ್ಮಾ, ಜೀವ ಇಲ್ಲ ಅಂದರು.

ರಾತ್ರಿ ಎಲ್ಲರೂ ಬಂದರು. ತಮ್ಮ ಮೊದಲು ಅಳಲಿಲ್ಲ. "ನಾ ನಿನ್ನಿ ಹೋಗೂಮುಂದ ಕಲ್ಲಂಗಡಿ ಸಿಪ್ಪಿ ಹಾಕಿದ್ದೆ" ಅಂದ. ಅವ್ವ ಸುಸ್ತಾಗಿದ್ದಳು, "ಸಿಕ್ಕಿದ್ದೆಲ್ಲಾ ತಿನ್ನಿಸಬ್ಯಾಡ ಅಂತ ಹೇಳಿದ್ದಿಲ್ಲೇನು" ಅಂದುಬಿಟ್ಟಳು. ಆಗ ಅವನು ಅತ್ತ. ನಾನು ಸುಮ್ನೆ ನಿಂತಿದ್ದೆ. ಡಾಕ್ಟರ ಮಾತು ನನಗೊಬ್ಬಳಿಗೇ ಗೊತ್ತಿತ್ತು. ಗೋಣಿಚೀಲವನ್ನು ಆಗಲೇ ಮಾಳಿಗೆಯ ಮೇಲೆ ಎಸೆದಿದ್ದೆ.

ಆಮೇಲೆ ಅವನು ಕಲ್ಲಂಗಡಿ ತಿನ್ನುವುದು ಬಿಟ್ಟ. ನಾನು ಮಾತ್ರ ನಾಳೆ ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದೆ. ಮಾವ ಫೋನಿನಲ್ಲಿ, ಇನ್ನೊಂದು ತರುತ್ತೇನೆ, ಅಂಥದ್ದೇ ಬಣ್ಣದ್ದು ಅಂದರು. ನಾನೂ ಹೂಂ ಅಂದೆ. ತಮ್ಮ ಫೋನ್ ಕಸಿದುಕೊಂಡು, "ಬ್ಯಾಡ ಮಾವಾ, ನಾ ಅದಕ್ಕೂ ಏನರ ತಿನಿಸಿ ಸಾಯಸ್ತೀನಿ" ಅಂದ. ಹೊಸದೊಂದು ತಂದರೆ ಸರಿಹೋಗುತ್ತಾ ಅಂತ ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದೇ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಹಿತ್ತಲಲ್ಲಿ ಬೇವಿನ ಮರದ ಬುಡದಲ್ಲಿ ಬೆಲ್ಲನನ್ನು ಹೂತಿದ್ದೆವು. ತಮ್ಮ ಎರೆಮಣ್ಣು ತಂದು ಎರಡು ಎತ್ತು ಮಾಡಿದ. ಅವುಗಳ ಪಕ್ಕದಲ್ಲಿ ಗುಂಡಗೆ ಇನ್ನೇನೋ ಇಟ್ಟಿದ್ದ. ಒಂದು ಕಿವಿಗೆ ಸುಣ್ಣ ಹಚ್ಚಿದ್ದ. ಪೂಜೆ ಮುಗಿದ ಮೇಲೆ ಅದನ್ನು ಬೇವಿನ ಬುಡಕ್ಕೆ ಒಯ್ದು, ಕೈಮುಗಿದು, ತಪ್ಪಾಯಿತು ಅನ್ನುತ್ತಿದ್ದ. ಹಿಂದೆ ನಿಂತಿದ್ದ ನನಗೆ ತಡೆಯಲು ಆಗಲಿಲ್ಲ. ಅಲ್ಲೇ ಕೂತು ಎಲ್ಲಾ ಹೇಳಿದೆ. ಪಾಷಾಣ, ಮೇಲಿನ ಕೋಣೆ, ಗೋಣಿ, ಡಾಕ್ಟರು. ಅವನು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಸರಿಯೇ ಇತ್ತು.

ಹಾಗಾಗಿ ಇವತ್ತೇ ಫೋನ್ ಮಾಡಿ. ಮೊದಲು ಅಜ್ಜಿಗೆ ಹೇಳಿ, ಮಗಳ ಪಕ್ಕದಲ್ಲಿ ಅವರು ಕೂತಿರಲಿ. ಓಡಿಹೋಯಿತು, ದೇವರ ಹತ್ತಿರ ಹೋಯಿತು, ನಿದ್ದೆ ಮಾಡಿದೆ ಅನ್ನಬೇಡಿ, ಸತ್ತಿದೆ ಅಂತಲೇ ಹೇಳಿ. ಯಾಕೆ ಅಂತ ಕೇಳಿದರೆ ಗೊತ್ತಿರುವಷ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಅವಳು ಕೇಳದಿದ್ದರೂ ಒಂದು ಮಾತು ಸೇರಿಸಿ, ನೀನು ಮಾಡಿದ್ದರಿಂದ ಅಲ್ಲ ಪುಟ್ಟಾ ಅಂತ.

ಇಲಿಗೆ ಯಾರಾದರೂ ಅಳುತ್ತಾರಾ ಅಂತ ಮನೆಯವರು ನಗುತ್ತಾರೆ, ಎರಡು ದಿನದಿಂದ ಊಟ ಸೇರುತ್ತಿಲ್ಲ ಅಂದಿದ್ದೀರಿ. ಐದಾರು ವರ್ಷ ಬದುಕುವ ಜೀವ, ದಿನಾ ನಿಮ್ಮ ಹೆಜ್ಜೆ ಸಪ್ಪಳ ಗುರುತು ಹಿಡಿದು ಕೂಗಿದ ಜೀವ. ಅಳಿ. ಬೇಗ ಮರೆಯುವುದು ಹೇಗೆ ಅಂತ ಕೇಳಬೇಡಿ, ನನಗೆ ಆ ಪ್ರಶ್ನೆಯೇ ಒಪ್ಪಿಗೆಯಿಲ್ಲ.

ಇನ್ನೊಂದು ಅವಸರದ ಮಾತು. ಅದರ ಜೋಡಿ ಪಂಜರದಲ್ಲಿ ಒಂಟಿಯಾಗಿದೆ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಈಗ ಜಾಸ್ತಿ ಗಮನ ಬೇಕಾದದ್ದು ಅದಕ್ಕೆ. ಜೊತೆ ಕಳೆದುಕೊಂಡ ಗಿನಿಪಿಗ್ ಕೆಲವೊಮ್ಮೆ ತಿನ್ನುವುದನ್ನೇ ಬಿಡುತ್ತೆ. ಇವಕ್ಕೆ ಹೊಟ್ಟೆ ಸದಾ ನಡೆಯುತ್ತಿರಬೇಕು, ಅರ್ಧ ದಿನ ಏನೂ ತಿನ್ನದಿದ್ದರೆ ಕಾಯದೆ ಡಾಕ್ಟರ ಹತ್ತಿರ ಒಯ್ಯಿರಿ. ಅಡುಗೆ ಮನೆಯ ತಕ್ಕಡಿಯಲ್ಲಿ ದಿನಾ ತೂಗಿ, ಹಿಕ್ಕೆ ಎಂದಿನಷ್ಟು ಇದೆಯಾ ನೋಡಿ. ಬಿಸಿಲು ನಿಮ್ಮಲ್ಲೂ ಜೋರಿದೆ ಅಂದಿರಿ, ಪಂಜರ ನೆಲದ ಮೇಲಿರಲಿ, ಗಾಳಿ ಆಡಲಿ, ಮೇಲೆ ಏನೂ ಹೊದಿಸಬೇಡಿ. ಮುಂದೆ ಇದಕ್ಕೊಂದು ಜೊತೆ ಬೇಕಾಗುತ್ತೆ, ಅದು ನಿಜ. ಅದನ್ನು ಆರಿಸಲು ಮಗಳನ್ನು ಕರೆದುಕೊಂಡು ಹೋಗಿ, ಬೇರೆ ಬಣ್ಣದ್ದು ತನ್ನಿ.

ನಾಲ್ಕನೆಯ ದಿನ ತಮ್ಮ ನನ್ನ ಪಕ್ಕ ಬಂದು ಕೂತ. "ಯಕ್ಕಾ, ಭಾಳ ಒದ್ದಾಡಿತ್ತೇನು?" ಅಂದ. ನಾನು ಆಗ ಅಲ್ಲಿರಲಿಲ್ಲ, ನನಗೆ ಗೊತ್ತಿಲ್ಲ ಅಂದೆ. ಅವನು ತಲೆಯಾಡಿಸಿದ. ಆಮೇಲೆ ಇಬ್ಬರೂ ಮಾಳಿಗೆಗೆ ಹೋಗಿ ಆ ಗೋಣಿಚೀಲ ಇಳಿಸಿಕೊಂಡು ಬಂದೆವು.