ನಿಂಬೆ ಚಿಗುರಿನ ಮೇಲಿನ ಬೆಳ್ಳಿ ಗೆರೆ: ಔಷಧಿ ಹೊಡೆದರೂ ಹುಳು ಸಾಯುತ್ತಿಲ್ಲ ಏಕೆ?

ಕುಂಡದ ನಿಂಬೆ ಗಿಡದ ಚಿಗುರಿನಲ್ಲಿ ಅಂಕುಡೊಂಕು ಬೆಳ್ಳಿ ಗೆರೆ ಬಂದು ಎಲೆ ಮುರುಟುತ್ತಿದೆ, ಔಷಧಿ ಹೊಡೆದರೂ ಪ್ರಯೋಜನ ಆಗಲಿಲ್ಲ ಅಂದಿದ್ದೀರಿ. ಹುಳು ಎಲೆಯ ಸಿಪ್ಪೆಯ ಕೆಳಗಿದೆ, ಔಷಧಿ ಸಿಪ್ಪೆಯ ಮೇಲೆ ಬಿದ್ದಿದೆ. ಹೇಗೆ ಸಾಯಬೇಕು?

ನಮ್ಮ ಕಡೆ ಇದಕ್ಕೆ ರಂಗೋಲಿ ಹುಳು ಅಂತಾರೆ. ಟೊಮೆಟೊ ಎಲೆಯ ಮೇಲೆ ಗೆರೆ ಎಳೆಯುವುದಕ್ಕೂ ಇದೇ ಹೆಸರು, ಆದರೆ ಅದು ನೊಣದ ಮರಿ. ನಿಮ್ಮ ಗಿಡದ್ದು ಪತಂಗದ ಮರಿ, ವೈಜ್ಞಾನಿಕ ಹೆಸರು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ. 1856ರಲ್ಲಿ ಇಂಗ್ಲೆಂಡಿನ ಕೀಟತಜ್ಞ ಸ್ಟೇಂಟನ್ ಇದನ್ನು ಮೊದಲು ವರ್ಣಿಸಿದ್ದು ಕಲ್ಕತ್ತಾದ ಪತಂಗ ನೋಡಿಯೇ. ಈಗ ಕಿತ್ತಳೆ, ನಿಂಬೆ ಬೆಳೆಯುವ ಕಡೆಯೆಲ್ಲ ಹರಡಿದೆ. ಅಮೆರಿಕದ ಫ್ಲೋರಿಡಾಕ್ಕೆ 1993ರಲ್ಲಿ ಕಾಲಿಟ್ಟಿತು.

ಪತಂಗ ರೆಕ್ಕೆ ಬಿಚ್ಚಿದರೂ ಹೆಚ್ಚುಕಡಿಮೆ 4 ಮಿ.ಮೀ. ಅಷ್ಟೇ. ಬೆಳ್ಳಿ ಬಿಳುಪು ರೆಕ್ಕೆ, ತುದಿಯಲ್ಲೊಂದು ಕಪ್ಪು ಚುಕ್ಕಿ. ಹಗಲಲ್ಲಿ ಎಲೆ ಅಡಿಯಲ್ಲಿ ಸುಮ್ನೆ ಕೂತಿರುತ್ತದೆ, ಸಂಜೆಯಾದ ಮೇಲೆ ಹೆಣ್ಣು ಎಳೆ ಎಲೆ ಹುಡುಕಿ ಒಂದೊಂದೇ ಮೊಟ್ಟೆ ಇಡುತ್ತದೆ, ಹೆಚ್ಚಾಗಿ ನಡುನರದ ಪಕ್ಕ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ನೀರಹನಿ ಕೂತ ಹಾಗೆ ಕಾಣುತ್ತದೆ. ಮರಿ ಹೊರಬಂದದ್ದೇ ನೇರ ಎಲೆಯೊಳಗೆ ನುಗ್ಗುತ್ತದೆ. ಹೊರಗಿನ ಗಾಳಿ ಬೆಳಕಿಗೆ ಅದು ಬರುವುದೇ ಇಲ್ಲ.

ಅದು ಎಲೆಯನ್ನು ಅಗಿದು ತಿನ್ನುವುದಿಲ್ಲ. ಸಿಪ್ಪೆಯ ಜೀವಕೋಶಗಳನ್ನು ಕೊಯ್ದು ರಸ ಹೀರುತ್ತಾ ಮುಂದೆ ಹೋಗುತ್ತದೆ. ತೆಳು ಪೊರೆಯ ಕೆಳಗೆ ಗಾಳಿ ತುಂಬಿಕೊಳ್ಳುವುದರಿಂದ ದಾರಿ ಬೆಳ್ಳಿಯಂತೆ ಹೊಳೆಯುತ್ತದೆ. ಗೆರೆಯ ನಡುವೆ ಕಪ್ಪು ದಾರದಂತೆ ಕಾಣುವುದು ಹಿಕ್ಕೆ. ಮರಿ ಬೆಳೆಯುವ ನಾಲ್ಕು ಹಂತಗಳಲ್ಲಿ ಮೊದಲ ಮೂರರಲ್ಲಿ ಹೀಗೇ ಕುಡಿಯುತ್ತದೆ. ನಾಲ್ಕನೆಯ ಹಂತದಲ್ಲಿ ಊಟ ಬಂದ್. ಎಲೆ ಅಂಚಿಗೆ ಹೋಗಿ, ರೇಷ್ಮೆ ನೂಲು ಎಳೆದು, ಅಂಚನ್ನು ಮಡಚಿ ಅದರೊಳಗೆ ಕೋಶ (ಪ್ಯೂಪಾ) ಆಗುತ್ತದೆ. ನಿಮ್ಮ ಗಿಡದಲ್ಲಿ ಮಡಚಿದ ಅಂಚನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿ. ನಾನು ಬಿಡಿಸಿದಾಗೆಲ್ಲ ಕಂದು ಕೋಶವೋ, ಕೋಶದ ಖಾಲಿ ಸಿಪ್ಪೆಯೋ ಸಿಕ್ಕಿದೆ. ಪತಂಗ ಹಾರಿಹೋಗಿದ್ದರೆ ಆ ಸಿಪ್ಪೆಯ ತುದಿ ಮಡಿಕೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಎರಡೇ ವಾರ ಸಾಕು, ಚಳಿ ಜಾಸ್ತಿ ಇದ್ದರೆ ಏಳು ವಾರವೂ ಹಿಡಿಯಬಹುದು.

ಬಲಿತ ಎಲೆ ಇದಕ್ಕೆ ಆಗಿಬರುವುದಿಲ್ಲ. ಹಾಗಾಗಿ ದೊಡ್ಡ ಮರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎಳೆ ಗಿಡಕ್ಕೆ ಮಾತ್ರ ಕಷ್ಟ. ಗಾಯವಾದ ಜಾಗದಲ್ಲಿ ಕಜ್ಜಿ ರೋಗವೂ ಸುಲಭವಾಗಿ ಹತ್ತುತ್ತದೆ. ಚಿಗುರು ಕಣ್ಣು ಬಿಡುವಾಗಲೇ, ಮೊಟ್ಟೆ ಬೀಳುವ ಮೊದಲು, ಬೇವಿನೆಣ್ಣೆ ದ್ರಾವಣ ಸಿಂಪಡಿಸಿ. ಯೂರಿಯಾ ಹಾಕಿ ಪದೇಪದೇ ಚಿಗುರಿಸಬೇಡಿ. ಹಾಳಾದ ಎಲೆಯನ್ನೆಲ್ಲ ಕೀಳುವುದೂ ಬೇಡ: ಉಳಿದ ಹಸಿರಿನಿಂದ ಗಿಡ ಊಟ ಮಾಡುತ್ತದೆ, ಹುಳುವಿನ ಮೇಲೆ ಮೊಟ್ಟೆಯಿಡುವ ಸಣ್ಣ ಕಣಜಗಳೂ ಅಲ್ಲೇ ಬೆಳೆಯುತ್ತಿರುತ್ತವೆ.