ಅವಳಿಗಳಲ್ಲಿ ಯಾರ ವಯಸ್ಸು ಕಡಿಮೆ?

ಪ್ರಶ್ನೆ: ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎನ್ನುತ್ತಾರೆ. ಆದರೆ ನೌಕೆಯಲ್ಲಿ ಹೋದ ತಂಗಿಗೆ ಭೂಮಿಯಲ್ಲಿರುವ ಅವಳಿ ಅಕ್ಕನೇ ದೂರ ಸರಿದಂತೆ ಕಾಣುತ್ತದಲ್ಲ? ಮರಳಿದಾಗ ತಂಗಿಗೇ ಏಕೆ ಕಡಿಮೆ ವಯಸ್ಸು?
– ಓದುಗರೊಬ್ಬರು, ಶಿರಸಿ

ಉತ್ತರ: ಎಣಿಸಿಯೇ ನೋಡೋಣ. ತಲುಪಬೇಕಾದ ತಾಣ 4 ಜ್ಯೋತಿರ್ವರ್ಷ ದೂರ, ವೇಗ ಬೆಳಕಿನ ಶೇ 80. ಭೂಮಿಯ ಲೆಕ್ಕದಲ್ಲಿ ಹೋಗಲು 5, ಬರಲು 5 ವರ್ಷ. ಈ ವೇಗದಲ್ಲಿ ನೌಕೆಯ ಗಡಿಯಾರ ಅದರ 0.6 ಪಟ್ಟು, ಅಂದರೆ ಒಟ್ಟು 6 ವರ್ಷ ತೋರಿಸುತ್ತದೆ. ತಿರುಗಲು ಹಿಡಿಯುವ ಸಮಯವನ್ನು ಬಿಟ್ಟುಬಿಡಿ.

ಇಬ್ಬರೂ ತಮ್ಮ ತಮ್ಮ ಗಡಿಯಾರದಂತೆ ವರ್ಷಕ್ಕೊಂದು ರೇಡಿಯೊ ಸಂಕೇತ ಕಳಿಸಲಿ. ತಂಗಿಯ ಒಂದು ವರ್ಷ ಭೂಮಿಯ 5/3 ವರ್ಷಕ್ಕೆ ಸಮ. ಅಷ್ಟರಲ್ಲಿ ನೌಕೆ ಇನ್ನೂ 4/3 ಜ್ಯೋತಿರ್ವರ್ಷ ದೂರ ಹೋಗಿರುವುದರಿಂದ ಮುಂದಿನ ಸಂಕೇತ ಅಷ್ಟೇ ತಡವಾಗುತ್ತದೆ. ಎರಡೂ ಕೂಡಿ 3 ವರ್ಷಕ್ಕೊಂದು ಸಂಕೇತ. ತಂಗಿಗೂ ಅಕ್ಕನದು ಹಾಗೆಯೇ ಬರುತ್ತದೆ. ಹತ್ತಿರವಾಗುವಾಗ ಇಬ್ಬರಿಗೂ ವರ್ಷಕ್ಕೆ ಮೂರು. ಇಲ್ಲಿಯವರೆಗೆ ನೀವು ಹೇಳಿದ್ದು ಸರಿ, ಇಬ್ಬರಿಗೂ ಭೇದವಿಲ್ಲ.

ಭೇದ ಇರುವುದು ಈ ಬದಲಾವಣೆ ಯಾರಿಗೆ ಯಾವಾಗ ಕಾಣುತ್ತದೆ ಎನ್ನುವುದರಲ್ಲಿ. ತಂಗಿಗೆ ನೌಕೆ ತಿರುಗಿಸಿದ ಕ್ಷಣದಲ್ಲೇ ಕಾಣುತ್ತದೆ: ಹೋಗುವ 3 ವರ್ಷದಲ್ಲಿ 1 ಸಂಕೇತ, ಬರುವ 3 ವರ್ಷದಲ್ಲಿ 9, ಒಟ್ಟು 10. ಅಕ್ಕನಿಗೆ ಆ ಸುದ್ದಿ ತಲುಪುವುದೇ 9ನೇ ವರ್ಷಕ್ಕೆ. 5ನೇ ವರ್ಷದಲ್ಲಿ ಹೊರಟ ಬೆಳಕಿಗೆ ದಾರಿಯಲ್ಲೇ 4 ವರ್ಷ ಬೇಕು. 9 ವರ್ಷಕ್ಕೆ 3, ಕೊನೆಯ ಒಂದೇ ವರ್ಷದಲ್ಲಿ 3, ಒಟ್ಟು 6.

ವೇಗೋತ್ಕರ್ಷವೇ (ವೇಗ ಅಥವಾ ದಿಕ್ಕು ಬದಲಾಗುವುದೇ) ಗಡಿಯಾರವನ್ನು ನಿಧಾನಗೊಳಿಸಿತು ಎಂಬ ವಿವರಣೆ ಪದೇ ಪದೇ ಕೇಳಿಬರುತ್ತದೆ. ಅದು ತಪ್ಪು. 1977ರಲ್ಲಿ ಪ್ರಕಟವಾದ, ಯುರೋಪಿನ ಕಣಭೌತ ಸಂಶೋಧನಾ ಕೇಂದ್ರ ಸರ್ನ್‌ನ ಪ್ರಯೋಗದಲ್ಲಿ ಉಂಗುರದೊಳಗೆ ಸುತ್ತುತ್ತಿದ್ದ, ಬೇಗ ಕ್ಷಯಿಸುವ ಕಣಗಳಾದ ಮ್ಯೂಯಾನ್‌ಗಳ ವೇಗೋತ್ಕರ್ಷ ಭೂಗುರುತ್ವದ ಸುಮಾರು 10ರ 18ನೇ ಘಾತದಷ್ಟಿತ್ತು. ಆದರೂ ಅವುಗಳ ಆಯುಷ್ಯ 2.2 ಮೈಕ್ರೊಸೆಕೆಂಡಿನಿಂದ ಸುಮಾರು 64ಕ್ಕೆ ಏರಿದ್ದು ಕೇವಲ ವೇಗದ ಲೆಕ್ಕಕ್ಕೆ ಸರಿಹೊಂದಿತು.

ಇನ್ನೊಂದು ಕಡೆ ಎಡವುವುದುಂಟು. ತಂಗಿಯ ಲೆಕ್ಕದಲ್ಲಿ ಚಲಿಸುವುದು ಅಕ್ಕನ ಗಡಿಯಾರ, ಹಾಗಾಗಿ ತಂಗಿಯ 3 ವರ್ಷಕ್ಕೆ ಅಕ್ಕನದು 0.6 ಪಟ್ಟು, ಅಂದರೆ 1.8, ಎರಡು ಸಲಕ್ಕೆ 3.6, ಉಳಿದ 6.4 ವರ್ಷ ಎಲ್ಲಿ? ತಿರುಗುವ ಮುನ್ನ ತಂಗಿಯ ಲೆಕ್ಕದಲ್ಲಿ ‘ಭೂಮಿಯಲ್ಲಿ ಈಗ’ ಎಂದರೆ 1.8ನೇ ವರ್ಷ, ತಿರುಗಿದೊಡನೆ ಅದು 8.2. ಅಳೆಯುವವರ ಚಲನೆಯ ಚೌಕಟ್ಟು ಬದಲಾದರೆ ‘ಈಗ’ವೂ ಬದಲಾಗುತ್ತದೆ. ಈ ಜಿಗಿತ ಲೆಕ್ಕದ್ದು, ಅಕ್ಕನ ಬದುಕಿನಲ್ಲಿ ಏನೂ ಜಿಗಿದಿಲ್ಲ.

ಇನ್ನು 3 ಜ್ಯೋತಿರ್ವರ್ಷ, ಶೇ 60 ವೇಗ ಇಟ್ಟುಕೊಂಡು ನೀವೇ ಎಣಿಸಿ. ದೂರವಾಗುವಾಗ 2 ವರ್ಷಕ್ಕೊಂದು, ಹತ್ತಿರವಾಗುವಾಗ ವರ್ಷಕ್ಕೆರಡು ಸಂಕೇತ. ಅಕ್ಕನಿಗೆ 10, ತಂಗಿಗೆ 8 ವರ್ಷ ಬರಬೇಕು.